ಮಾದಪ್ಪಣ್ಣನ ಒಕ್ಕಣೆ ಮಿಷನ್ನಿಗೆ ನಾನು ಹಾಸಿದ ರಬ್ಬರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಕೊಳ್ಳೇಗಾಲದಲ್ಲಿ ಬೆಲ್ಟು, ಬೇರಿಂಗು, ಗ್ರೀಸು ಮಾರುವ ಅಂಗಡಿ ಇಟ್ಟುಕೊಂಡು ಮೂವತ್ತು ವರ್ಷ ಗಿರಾಕಿಗಳ ಜೊತೆ ಒದ್ದಾಡಿದವನಿಗೆ ಕೋಪ ಬರದೆ ಇನ್ನೇನು ಬರುತ್ತದೆ? "ರಂಗನಾಥಣ್ಣ, ಅವತ್ತು ಕೊಟ್ರಲ್ಲ, ಅಂಥದ್ದೇ ಒಂದು ಕೊಡಿ" ಎನ್ನುತ್ತಾರೆ. ಯಾವತ್ತು, ಎಂಥದ್ದು ಎಂದು ಕೇಳಿದರೆ ಗಾಳಿಯಲ್ಲಿ ಬೆರಳಿನಿಂದ ಒಂದು ಸೊನ್ನೆ ಸುತ್ತಿ ತೋರಿಸುತ್ತಾರೆ. ಆ ಸೊನ್ನೆ ನೋಡಿ ನಾನು ಬೇರಿಂಗ್ ನಂಬರ್ ಹೇಳಬೇಕು!

ಇಂಥ ನನ್ನ ಬೈಗುಳವನ್ನು ಒಂದು ದಿನವೂ ಬೇಜಾರು ಮಾಡಿಕೊಳ್ಳದೆ ಕೇಳಿಸಿಕೊಂಡ ಗಿರಾಕಿ ಎಂದರೆ ಒಬ್ಬನೇ, ಯಳಂದೂರು ಕಡೆಯ ಚಿಕ್ಕಮಾದಪ್ಪ. ನಾವೆಲ್ಲ ಮಾದಪ್ಪಣ್ಣ ಎನ್ನುತ್ತೇವೆ. ಎಪ್ಪತ್ತು ದಾಟಿದ ವಯಸ್ಸು, ಬಿಳಿ ಮೀಸೆ, ಹಣೆಗೆ ವಿಭೂತಿ, ಭುಜಕ್ಕೆ ಗ್ರೀಸು ಮೆತ್ತಿದ ಟವಲು. ಅಂಗಡಿಗೆ ಬಂದರೆ ತನಗೆ ಬೇಕಾದದ್ದನ್ನು ತಾನೇ ಹೇಳಿ, ತಾನೇ ಅಳೆದು, ತಾನೇ ನಕ್ಕು ಹೋಗುತ್ತಿದ್ದ. ನಡುವೆ ನಾನು ಎಷ್ಟು ಕಿರುಚಾಡಿದರೂ ನಗುತ್ತಾ ತಲೆ ಆಡಿಸುತ್ತಿದ್ದ. ಎಂಥ ಸಮಾಧಾನದ ಮನುಷ್ಯ, ನಾನೂ ಹೀಗಿರಬಾರದೇ ಎಂದು ಮನೆಗೆ ಹೋಗಿ ಹೆಂಡತಿಯ ಮುಂದೆ ಹೇಳಿದ್ದೂ ಉಂಟು. ಅವಳು "ನೀವಾ?" ಎಂದು ಒಳಗೆ ಹೋದಳು.

ಮಾದಪ್ಪಣ್ಣನ ಬಳಿ ಒಂದು ಒಕ್ಕಣೆ ಮಿಷನ್ ಇದೆ. ಈಗ ಬರುವ ತಗಡಿನ ಡಬ್ಬವಲ್ಲ ಅದು. ಎತ್ತಿನ ಗಾಡಿಯ ಎರಡರಷ್ಟು ಉದ್ದದ ತೇಗದ ಪೆಟ್ಟಿಗೆ, ಅದರ ಕೆಳಗೆ ನಾಲ್ಕು ಕಬ್ಬಿಣದ ಗಾಲಿ. ಮೇಲುಗಡೆ ಅಗಲವಾದ ಬಾಯಿ, ಬಾಯಿಯೊಳಗೆ ತಿರುಗುವ ಕಬ್ಬಿಣದ ಡ್ರಮ್ಮು. ಭತ್ತದ ಸಿವುಡನ್ನು, ಅಂದರೆ ಕೊಯ್ದ ಪೈರಿನ ಕಟ್ಟನ್ನು, ಬಿಚ್ಚಿ ಬಾಯಿಗೆ ಕೊಟ್ಟರೆ ಡ್ರಮ್ಮು ಬಡಿಯುತ್ತದೆ. ಕಾಳು ಜರಡಿಗೆ ಬೀಳುತ್ತದೆ, ಫ್ಯಾನು ಹೊಟ್ಟು ತೂರುತ್ತದೆ, ಹುಲ್ಲು ಹಲಗೆಗಳ ಮೇಲೆ ಕುಣಿಯುತ್ತಾ ಹಿಂದಿನಿಂದ ಹೊರಗೆ ಬರುತ್ತದೆ. ಮಾಡಿದ ಕಂಪನಿಯ ಹೆಸರು ಬಣ್ಣದ ಜೊತೆ ಅಳಿಸಿಹೋಗಿ ಬಹಳ ಕಾಲವಾಯಿತು. ಅವನ ತಂದೆ ಚಿಕ್ಕಮಾದಯ್ಯ ಅರವತ್ತೈದು ವರ್ಷದ ಹಿಂದೆ ಯಾವುದೋ ಮುಚ್ಚಿಹೋದ ಫಾರಂನ ಹರಾಜಿನಲ್ಲಿ ಹಿಡಿದು, ಎರಡು ಜೊತೆ ಎತ್ತು ಕಟ್ಟಿ ಊರಿಗೆ ಎಳೆದುಕೊಂಡು ಬಂದದ್ದು. ಅದನ್ನು ಓಡಿಸಲು ಬೇರೆಯೇ ಒಂದು ಆಯಿಲ್ ಎಂಜಿನ್. ಎರಡು ದೊಡ್ಡ ಚಕ್ರ, ಮೇಲೆ ನೀರಿನ ತೊಟ್ಟಿ, ಕೈಯಿಂದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡುವಂಥದ್ದು. ಎಂಜಿನ್ನಿನಿಂದ ಮಿಷನ್ನಿಗೆ ನಲವತ್ತು ಅಡಿ ಪಟ್ಟೆ ಬೆಲ್ಟು. ಬೆಲ್ಟು ನನ್ನ ಅಂಗಡಿಯದು.

ಕೆಲಸ ಗಂಡ ಹೆಂಡತಿಗೆ ಹಂಚಿತ್ತು. ಮಾದಪ್ಪಣ್ಣ ಕೆಳಗೆ, ಎಂಜಿನ್ನು, ಎಣ್ಣೆ, ಬೆಲ್ಟು, ಜರಡಿ ಎಲ್ಲ ಅವನದು. ಮೇಲೆ ಬಾಯಿಯ ಹತ್ತಿರ ಅವನ ಹೆಂಡತಿ ಮಹಾದೇವಮ್ಮ, ನಮ್ಮೆಲ್ಲರ ಮಾದೇವಕ್ಕ. ಹನೂರು ಕಡೆಯವಳು. ಮದುವೆಯಾಗಿ ಬಂದ ತಿಂಗಳಿಗೇ ಲೊಕ್ಕನಹಳ್ಳಿಯಲ್ಲಿ ರಾಗಿ ಒಕ್ಕಣೆ ಬಿತ್ತಂತೆ. ಬಾಯಿಗೆ ಹಾಕುವ ಆಳು ಕೈಕೊಟ್ಟ. ಕಾಡಿನ ಅಂಚಿನ ಊರು, ಹೊತ್ತು ಮುಳುಗುವುದರೊಳಗೆ ರಾಗಿ ಮನೆ ಸೇರದಿದ್ದರೆ ಉಳಿದದ್ದು ಆನೆಗೆ. ಕೈಯ ಅರಿಶಿನ ಇನ್ನೂ ಹೋಗಿರದ ಮದುಮಗಳು ಗಂಡನ ತುಂಬುತೋಳಿನ ಅಂಗಿಯನ್ನು ಸೀರೆಯ ಮೇಲೆ ಹಾಕಿಕೊಂಡು ಏಣಿ ಹತ್ತಿದಳು. ಅವತ್ತು ಹತ್ತಿದವಳು ನಲವತ್ತಾರು ವರ್ಷ ಅಲ್ಲೇ ನಿಂತಳು. ಬೇರೆ ಯಾರು ಹಾಕಿದರೂ ಡ್ರಮ್ಮು ಒಂದು ಸಲ ಜಾಸ್ತಿ ತಿನ್ನುತ್ತದೆ, ಒಂದು ಸಲ ಹಸಿದುಕೊಂಡಿರುತ್ತದೆ ಎಂದು ಮಾದಪ್ಪಣ್ಣ ಹೇಳುತ್ತಿದ್ದ. ಅವಳ ಕೈ ಮಾತ್ರ ಒಂದೇ ಸಮ.

ಗದ್ದೆಯಲ್ಲೇ ಕೊಯ್ದು ಬಡಿದು ಚೀಲಕ್ಕೆ ಸುರಿಯುವ ಕಟಾವು ಮಿಷನ್ನುಗಳು ಬಂದ ಮೇಲೆ ಇವರನ್ನು ಕರೆಯುವವರು ಕಡಿಮೆಯಾದರು. ವರ್ಷಕ್ಕೆ ಐದಾರು ಕಣವಾದರೆ ಹೆಚ್ಚು. ಆದರೆ ಮಾದಪ್ಪಣ್ಣ ಆ ಐದಾರು ಕಣಕ್ಕಾಗಿಯೇ ವರ್ಷಪೂರ್ತಿ ಬದುಕುತ್ತಿದ್ದ. ಯುಗಾದಿ ಕಳೆದರೆ ಜರಡಿ ಬಿಚ್ಚುವುದು, ಮಳೆಗಾಲದಲ್ಲಿ ತೇಗಕ್ಕೆ ಎಣ್ಣೆ ಕುಡಿಸುವುದು, ದೀಪಾವಳಿಗೆ ನನ್ನ ಅಂಗಡಿ. ಜಮೀನು ಇತ್ತು, ಊಟಕ್ಕೆ ತೊಂದರೆಯಿರಲಿಲ್ಲ. ಹಾಗಿದ್ದರೂ ಇನ್ನು ಮಿಷನ್ ಮುಟ್ಟಬೇಡ ಎಂದು ಯಾರಾದರೂ ಹೇಳಿದ್ದರೆ ಆ ಮನುಷ್ಯ ಮಂಚ ಹಿಡಿಯುತ್ತಿದ್ದ. ಇದು ನನಗೂ ಗೊತ್ತಿತ್ತು, ಮಾದೇವಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಎರಡು ವರ್ಷದ ಹಿಂದೆ, ಡಿಸೆಂಬರ್ ಕೊನೆಯಲ್ಲಿ, ಸತ್ತೇಗಾಲದ ಲಕ್ಷ್ಮಿದೇವಿಯವರು ಕರೆಸಿದರು. ಅವರು ಎರಡು ಎಕರೆಯಲ್ಲಿ ರತ್ನಚೂಡಿ ಭತ್ತ ಬೆಳೆದಿದ್ದರು. ತಿನ್ನುವುದಕ್ಕಲ್ಲ, ಬೀಜಕ್ಕೆ. ಸುತ್ತಲ ಹತ್ತು ಊರಿನವರು ಬೀಜಕ್ಕೆಂದು ಅವರ ಮನೆ ಬಾಗಿಲಿಗೆ ಬರುತ್ತಾರೆ. ಕಟಾವು ಮಿಷನ್ನಿನ ಹೊಟ್ಟೆಯಲ್ಲಿ ಹಿಂದಿನ ಗದ್ದೆಯ ಭತ್ತ ಎಲ್ಲೋ ಒಂದು ಮೂಲೆಯಲ್ಲಿ ಉಳಿದೇ ಇರುತ್ತದೆ. ಅದು ಬೆರೆತರೆ ಬೀಜ ಕೆಟ್ಟಂತೆ. ಮಾದಪ್ಪಣ್ಣನ ಮಿಷನ್ನಿನ ಒಂದೊಂದು ಹಲಗೆಯನ್ನೂ ಕೈಯಲ್ಲೇ ತೆಗೆದು ಪೊರಕೆಯಿಂದ ಗುಡಿಸಬಹುದು. ಲಕ್ಷ್ಮಿದೇವಿಯವರು ತಲೆಗೆ ಸೆರಗು ಕಟ್ಟಿಕೊಂಡು ತಾವೇ ಒಳಗೆ ಬಗ್ಗಿ ಟಾರ್ಚ್ ಬಿಟ್ಟು ನೋಡಿದರು. ಒಂದು ಕಾಳೂ ಸಿಗಲಿಲ್ಲ.

ನಾನು ಯಾಕೆ ಹೋಗಿದ್ದೆ ಎಂದರೆ, ಹೊಸ ಬೆಲ್ಟು ಕೊಟ್ಟಿದ್ದೆ, ಅದು ಹೇಗೆ ಓಡುತ್ತದೆ ನೋಡುವ ಚಪಲ. ನಮ್ಮದು ನೇಕಾರರ ಮನೆ, ಮಗ್ಗದ ಸದ್ದಿನಲ್ಲಿ ಹುಟ್ಟಿ ಬೆಳೆದವನು ನಾನು. ಏನಾದರೂ ಟಕಟಕ ಎನ್ನುತ್ತಿದ್ದರೆ ಅಲ್ಲಿಂದ ಕಾಲು ಕೀಳುವುದಿಲ್ಲ. ಸೋಮವಾರ ಅಂಗಡಿಗೆ ಬಾಗಿಲು ಹಾಕಿ ಬೆಳಗ್ಗೆ ಏಳರ ಬಸ್ಸಿಗೆ ಸತ್ತೇಗಾಲಕ್ಕೆ ಹೋದೆ. ಬರಿಗೈಯಲ್ಲಿ ಹೋಗಲಿಲ್ಲ. ಒಂದು ಮೂಟೆ ಜೊತೆಗಿತ್ತು.

ಆ ಮೂಟೆಯ ಕಥೆ ಹೇಳಬೇಕು. ಲಕ್ಷ್ಮಿದೇವಿಯವರ ಮಗ ಗುರುಪ್ರಕಾಶ ತೆಂಗಿನಕಾಯಿ ವ್ಯಾಪಾರದವನು. ಕೊಬ್ಬರಿ ಒಣಗಿಸಲು ಮನೆಯ ಮುಂದೆ ಹೊಸದಾಗಿ ಸಿಮೆಂಟ್ ಕಣ ಮಾಡಿಸಿದ್ದ, ಕನ್ನಡಿಯ ಹಾಗೆ ನುಣ್ಣಗೆ. ಅದರ ಮೇಲೆ ಕಬ್ಬಿಣದ ಗಾಲಿ ನಿಂತು ಕುಣಿದರೆ ಸಿಮೆಂಟು ಕಿತ್ತುಹೋಗುತ್ತದೆ ಎಂದು ಅವನಿಗೆ ಸಂಕಟ. ನನಗೆ ಫೋನ್ ಮಾಡಿದ್ದ. ನಾನು ಬುದ್ಧಿವಂತ ನೋಡಿ! ಅಂಗಡಿಯಲ್ಲಿ ಬಿದ್ದಿದ್ದ ಒಂದೂವರೆ ಇಂಚು ದಪ್ಪದ ರಬ್ಬರ್ ಹಾಳೆಯನ್ನು ಕತ್ತರಿಸಿ, ನಾಲ್ಕು ಗಾಲಿಗೆ ನಾಲ್ಕು ದಿಂಬು ಮಾಡಿ ತಂದಿದ್ದೆ. ಸಿಮೆಂಟೂ ಉಳಿಯಿತು, ಮಿಷನ್ನಿನ ಅದುರಾಟವೂ ಕಡಿಮೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನಿಗೂ ಇದನ್ನು ವಿವರಿಸಿದೆ. ಅವನು ಶಿವನಸಮುದ್ರಕ್ಕೆ ಹೋಗುವವನು, ಪಾಪ.

ನಾನು ಹೋಗುವ ಹೊತ್ತಿಗೆ ಮಾದಪ್ಪಣ್ಣ ಆಗಲೇ ಮಿಷನ್ನನ್ನು ಕಣಕ್ಕೆ ತಂದು ನಿಲ್ಲಿಸಿದ್ದ. ಮಿಷನ್ ಹೂಡುವುದನ್ನು ನೋಡಬೇಕು ನೀವು. ರಸಮಟ್ಟ ಗಿಸಮಟ್ಟ ಏನೂ ಇಲ್ಲ. ಒಂದು ಚೊಂಬಿನ ತುಂಬ ಅಂಚಿನವರೆಗೆ ನೀರು ತುಂಬಿ ಪೆಟ್ಟಿಗೆಯ ಮೇಲೆ ಇಡುತ್ತಾನೆ. ಯಾವ ಕಡೆ ನೀರು ಚೆಲ್ಲಿತೋ ಆ ಕಡೆಯ ಗಾಲಿಗೆ ಹಲಗೆ ಕೊಡುತ್ತಾನೆ. ನಾಲ್ಕು ಕಡೆಯೂ ನೀರು ಸುಮ್ಮನಿದ್ದರೆ ಆಯಿತು. ಆಮೇಲೆ ಇಪ್ಪತ್ತು ಅಡಿ ದೂರದಲ್ಲಿ ಎಂಜಿನ್ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ಎರಡು ರಾಟೆಯನ್ನೂ ಒಂದೇ ಗೆರೆಗೆ ತರುತ್ತಾನೆ. ಬೆಲ್ಟಿಗೆ ರಾಳದ ಪುಡಿ ಉಜ್ಜುತ್ತಾನೆ. ಬಾಯಿಯ ಮುಂದೆ ಸಗಣಿಯ ಬೆನಕನನ್ನು ಇಟ್ಟು, ಗರಿಕೆ ಸಿಕ್ಕಿಸಿ, ಕಡ್ಡಿ ಹಚ್ಚಿ, ಕೈ ಮುಗಿಯುತ್ತಾನೆ. ಚಪ್ಪಲಿ ಹಾಕಿಕೊಂಡು ಕಣಕ್ಕೆ ಕಾಲಿಟ್ಟವನ ಗತಿ ಕೇಳಬೇಡಿ. ಕಣ ಅಂದರೆ ದೇವರ ಜಾಗ, ಬರಿಗಾಲಲ್ಲೇ ಬರಬೇಕು ಎಂಬುದು ನಮ್ಮ ಕಡೆ ಎಲ್ಲರೂ ಪಾಲಿಸುವ ಕಟ್ಟಳೆ. ಆದರೆ ಅವನಷ್ಟು ಬಿಗಿಯಾಗಿ ಪಾಲಿಸುವವರನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಅವನಂತೂ ಸುಡುವ ಸಿಮೆಂಟಿನ ಮೇಲೂ ಬರಿಗಾಲು.

"ಮಾದಪ್ಪಣ್ಣ, ಗಾಲಿ ಕೆಳಕ್ಕೆ ಈ ರಬ್ಬರು ಕೊಡಿ, ಅದುರೋದೇ ಇಲ್ಲ!" ಎಂದೆ, ಬೆನ್ನ ಹಿಂದಿನಿಂದ. ಉತ್ತರವಿಲ್ಲ. ಮುಂದೆ ಹೋಗಿ ರಬ್ಬರು ಎತ್ತಿ ತೋರಿಸಿ ಇನ್ನೊಮ್ಮೆ ಹೇಳಿದೆ, ಎಷ್ಟು ಇಂಚು, ಎಂಥ ಗುಣ, ಗುರುಪ್ರಕಾಶನ ಸಿಮೆಂಟಿನ ಸಂಕಟ, ಎಲ್ಲ. ಮಾದಪ್ಪಣ್ಣ ನನ್ನ ಮುಖ ನೋಡಿ ನಕ್ಕು ತಲೆ ಆಡಿಸಿದ. ಒಪ್ಪಿದ ಎಂದುಕೊಂಡು ನಾನೂ ಗುರುಪ್ರಕಾಶನೂ ಜಾಕಿ ಕೊಟ್ಟು, ನಾಲ್ಕು ಗಾಲಿಯ ಅಡಿಗೂ ರಬ್ಬರು ತಳ್ಳಿ ಇಳಿಸಿದೆವು. ಅಷ್ಟರಲ್ಲಿ ಅವನು ಎಂಜಿನ್ನಿಗೆ ನೀರು ಹಾಕಲು ಹೋಗಿದ್ದ. ತಿರುಗಿ ಬಂದು ನೋಡಿದವನ ಮುಖ ಸಪ್ಪಗಾಯಿತು.

"ಯಾಕ್ ರಂಗಣ್ಣ ಇದು? ಬ್ಯಾಡ ಕಣ್ರಪ್ಪ. ಗಾಲಿ ನೆಲ ಮುಟ್ಲಿ."

"ಯಾಕೆ ಬೇಡ?" ಎಂದೆ. ಅವನು ನನ್ನನ್ನೂ ಗುರುಪ್ರಕಾಶನನ್ನೂ ನೋಡಿದ, ಹೆಂಡತಿಯನ್ನು ನೋಡಿದ, "ಆಗ್ಲಿ ಬುಡಿ" ಎಂದು ಹ್ಯಾಂಡಲ್ ತೆಗೆದುಕೊಂಡು ಎಂಜಿನ್ ಹತ್ತಿರ ಹೋದ. ಆ ಹ್ಯಾಂಡಲನ್ನು ಅವನು ಬೇರೆಯವರ ಕೈಗೆ ಕೊಟ್ಟದ್ದೇ ಇಲ್ಲ, ಟವಲಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿರುತ್ತಾನೆ. ಹಳೇ ಕಾಲದವರಿಗೆ ಹೊಸದೆಂದರೆ ಆಗದು ಎಂದು ನಾನು ಗುರುಪ್ರಕಾಶನ ಕಿವಿಯಲ್ಲಿ ಹೇಳಿದೆ.

ಎಂಜಿನ್ನು ಮೂರನೇ ಸುತ್ತಿಗೆ ಕೆಮ್ಮಿ ಎದ್ದಿತು. ಬೆಲ್ಟು ಹತ್ತಿತು. ಮಿಷನ್ನು ಮೊದಲು ನರಳಿ, ಆಮೇಲೆ ಗೊಣಗಿ, ಕೊನೆಗೆ ಒಂದೇ ಸಮನೆ ಹಾಡತೊಡಗಿತು. ನನ್ನ ರಬ್ಬರಿನ ಮೇಲೆ ಅಲುಗಾಟವೇ ಇಲ್ಲ! ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಮಾದೇವಕ್ಕ ಗಂಡನ ಹಳೇ ಅಂಗಿ ತೊಟ್ಟು ಮೇಲೆ ಹತ್ತಿದ್ದಳು. ಪಕ್ಕದಲ್ಲಿ ನೀರಿನ ಬಾಟಲಿ, ಎಲೆ ಅಡಿಕೆ ಚೀಲ. ಬೇರೆ ಕಣಗಳಲ್ಲಿ ಅವಳು ತನ್ನ ಪಕ್ಕದಲ್ಲಿ ಏಳೆಂಟು ಮಣ್ಣಿನ ಹೆಂಟೆ ಜೋಡಿಸಿಕೊಳ್ಳುವುದನ್ನು ನೋಡಿದ್ದೆ, ಕಾಗೆ ಓಡಿಸಲು ಇರಬೇಕು ಎಂದುಕೊಂಡಿದ್ದೆ. ಇಲ್ಲಿ ಸಿಮೆಂಟು, ಹೆಂಟೆ ಎಲ್ಲಿಂದ ಬರಬೇಕು? ಒಬ್ಬ ಆಳು ಕೆಳಗಿನಿಂದ ಸಿವುಡು ಎತ್ತಿ ಕೊಡುತ್ತಿದ್ದ, ಅವಳು ಹರಡಿ ಹರಡಿ ಬಾಯಿಗೆ ಇಳಿಸುತ್ತಿದ್ದಳು. ಕೆಂಪನೆಯ ಭತ್ತ ಬುಟ್ಟಿಗೆ ಸುರಿಯತೊಡಗಿತು. ಲಕ್ಷ್ಮಿದೇವಿಯವರು ಬೊಗಸೆಯಲ್ಲಿ ತುಂಬಿಕೊಂಡು ಹಣೆಗೆ ಒತ್ತಿಕೊಂಡರು.

ಹನ್ನೊಂದು ಗಂಟೆಯವರೆಗೆ ಎಲ್ಲ ಚೆನ್ನಾಗಿತ್ತು. ಒಂದು ಮಾತ್ರ ನನಗೆ ವಿಚಿತ್ರವೆನಿಸಿತು. ಯಾವಾಗಲೂ ಒಂದು ಕಡೆ ನಿಂತು ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿರುವ ಮಾದಪ್ಪಣ್ಣ ಅವತ್ತು ಒಂದು ನಿಮಿಷ ನಿಲ್ಲುತ್ತಿರಲಿಲ್ಲ. ಬೇರಿಂಗಿನ ಮೇಲೆ ಕೈ ಇಟ್ಟು ನೋಡುವುದು, ಬೆಲ್ಟು ನೋಡುವುದು, ಹಿಂದೆ ಹೋಗಿ ಹುಲ್ಲು ನೋಡುವುದು, ಮತ್ತೆ ಓಡಿ ಬರುವುದು. ಬೆಕ್ಕು ಮರಿ ಕಳೆದುಕೊಂಡ ಹಾಗೆ ಸುತ್ತುತ್ತಿದ್ದ. ಆಮೇಲೆ ಹಿಂದುಗಡೆ ಹೋದವನು, ಹುಲ್ಲಿನಲ್ಲಿ ಕಾಳು ಉಳಿದಿದೆಯೋ ಎಂದು ಬಗ್ಗಿ ಹಿಸುಕಿ ನೋಡುತ್ತಾ ನಿಂತ. ಬೆನ್ನು ನಮ್ಮ ಕಡೆಗಿತ್ತು.

ಆಗಲೇ ಆಳು ಮಾತಿನ ಭರದಲ್ಲಿ ಕಟ್ಟು ಬಿಚ್ಚದ ಒಂದು ಸಿವುಡು ಎತ್ತಿ ಕೊಟ್ಟ. ಮಾದೇವಕ್ಕನಿಗೆ ಗೊತ್ತಾಗುವುದರೊಳಗೆ ಅದರ ತುದಿ ಡ್ರಮ್ಮಿಗೆ ಸಿಕ್ಕಿತ್ತು. ಇಡೀ ಕಟ್ಟು ಒಂದೇ ಸಲ ಗಂಟಲಿಗೆ ಸಿಕ್ಕಿಕೊಂಡಿತು, ಕಟ್ಟಿದ ಹಗ್ಗ ಅವಳ ಅಂಗಿಯ ಬಲತೋಳಿನ ಗುಂಡಿಗೆ ಸುತ್ತಿಕೊಂಡಿತು. ಡ್ರಮ್ಮು ನರಳುತ್ತಾ ನಿಧಾನವಾಯಿತು, ಆದರೆ ನಿಲ್ಲಲಿಲ್ಲ. ಹಳೇ ಬೆಲ್ಟಾಗಿದ್ದರೆ ಜಾರಿ ಬಿದ್ದುಹೋಗುತ್ತಿತ್ತು. ನನ್ನ ಹೊಸ ಬೆಲ್ಟು ಹಲ್ಲು ಕಚ್ಚಿ ಎಳೆಯುತ್ತಲೇ ಇತ್ತು. ಸಿವುಡಿನ ಜೊತೆ ಅವಳ ತೋಳೂ ಬಾಯಿಯ ಕಡೆಗೆ ಅಂಗುಲ ಅಂಗುಲವಾಗಿ ಹೋಗತೊಡಗಿತು.

"ನಿಲ್ಸಿ! ಮಾದಪ್ಪಣ್ಣ, ನಿಲ್ಸಿ!" ನಾನು ಓಡಿದೆ. ಅವನ ಹಿಂದೆ ಎರಡು ಮಾರು ದೂರದಲ್ಲಿ ನಿಂತು ಗಂಟಲು ಹರಿಯುವ ಹಾಗೆ ಕಿರುಚಿದೆ. ಅವನು ಹುಲ್ಲು ಹಿಸುಕುತ್ತಲೇ ಇದ್ದ. ಎಂಜಿನ್ನನ್ನು ನಾನೇ ನಿಲ್ಲಿಸೋಣವೆಂದರೆ, ಅಯ್ಯೋ ನನ್ನ ಬಾಳೇ, ಮೂವತ್ತು ವರ್ಷ ಎಂಜಿನ್ನಿನ ಭಾಗ ಮಾರಿದವನಿಗೆ ಎಂಜಿನ್ ನಿಲ್ಲಿಸುವ ಲಿವರ್ ಯಾವುದೆಂದು ಗೊತ್ತಿಲ್ಲ! ಅಷ್ಟರಲ್ಲಿ ಮಾದೇವಕ್ಕ ಎಡಗೈಯಿಂದ ಪಕ್ಕದಲ್ಲಿ ತಡಕಾಡಿದಳು. ಹೆಂಟೆ ಇರಲಿಲ್ಲ. ಎಲೆ ಅಡಿಕೆ ಚೀಲ ಸಿಕ್ಕಿತು. ಬೀಸಿ ಎಸೆದಳು. ಅದು ಗುರಿ ತಪ್ಪದೆ ಗಂಡನ ಕತ್ತಿಗೆ ಬಡಿಯಿತು.

ಮಾದಪ್ಪಣ್ಣ ತಿರುಗಿದ, ನೋಡಿದ, ಓಡಿದ. ಎಪ್ಪತ್ತೊಂದು ವರ್ಷದವನು ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಲಿವರ್ ಎತ್ತಿದ. ಎಂಜಿನ್ನು ಉಸಿರು ಬಿಟ್ಟು ನಿಂತಿತು. ಗುರುಪ್ರಕಾಶ ಮೇಲೆ ಹತ್ತಿ ಕುಡುಗೋಲಿನಿಂದ ಹಗ್ಗ ಕೊಯ್ದ. ಅಂಗಿ ಮೊಣಕೈವರೆಗೆ ಹರಿದಿತ್ತು, ತೋಳು ಉದ್ದಕ್ಕೂ ತರಚಿ ರಕ್ತ ಜಿನುಗುತ್ತಿತ್ತು. ಕೈ ಉಳಿದಿತ್ತು. ನಾನು ಸಿಮೆಂಟಿನ ಮೇಲೆ ಹಾಗೇ ಕೂತುಬಿಟ್ಟೆ.

ಕೂತ ಮರುಗಳಿಗೆಯೇ ನನಗೆ ಬಂದದ್ದು ಕೋಪ. "ಎಷ್ಟು ಕೂಗಿದೆ ನಾನು! ಕಿವಿ ಇಲ್ವೇನ್ರಿ ನಿಮಗೆ?" ಎಂದೆ.

ಮಾದಪ್ಪಣ್ಣ ನನ್ನ ಬಾಯಿಯನ್ನೇ ನೋಡುತ್ತಿದ್ದ. ಮಾದೇವಕ್ಕ ಏಣಿ ಇಳಿಯುತ್ತಾ ಹೇಳಿದಳು, "ಇಲ್ಲ ಕಣ್ ರಂಗಣ್ಣ. ಆರು ವರ್ಸ ಆಯ್ತು. ಒಂದು ಕಿವಿ ಪೂರ್ತಿ ಓಗ್ಬುಟ್ಟದೆ, ಇನ್ನೊಂದು ಒಸಿ ಗುಂಯ್ ಅಂತದೆ ಅಷ್ಟೇಯ. ಅದ್ಕೇ ನಾನು ಮಣ್ಣೆಂಟೆ ಮಡಿಕಳದು. ಬೇಕಾದಾಗ ಒಂದ್ ಎಸೀತೀನಿ, ತಿರುಗ್ತದೆ ಆವಯ್ಯ."

ಆರು ವರ್ಷ! ಅಂದರೆ ಆರು ವರ್ಷದಿಂದ ನಾನು ಬೈದದ್ದೆಲ್ಲ ಗೋಡೆಗೆ ಬೈದಂತೆ. ಫೋನು ಯಾವಾಗಲೂ ಮಾದೇವಕ್ಕನೇ ಎತ್ತುತ್ತಿದ್ದದ್ದು ಯಾಕೆಂದು ಆಗ ಹೊಳೆಯಿತು. ಮುಟ್ಠಾಳ ನಾನು.

"ಗೊತ್ತಿದ್ದೂ ಇಂಥ ಕೆಲ್ಸ ಮಾಡ್ತೀರಲ್ಲ ಸಾ!" ಗುರುಪ್ರಕಾಶ ಮಾದಪ್ಪಣ್ಣನ ಮುಂದೆ ಬಂದು ನಿಂತು ಜೋರಾಗಿ, ಒಂದೊಂದೇ ಮಾತಾಗಿ ಹೇಳಿದ. ಒರಟುತನಕ್ಕಲ್ಲ, ಹೆದರಿದ್ದ. "ಅಕ್ಕನ ಕೈ ಓಗಿದ್ರೆ ಏನ್ ಗತಿ? ಬ್ಯಾಡ. ನಿಲ್ಸ್‌ಬುಡಿ. ನಮ್ ಕಣ ಅಂತಲ್ಲ, ಎಲ್ಲೂ ಬ್ಯಾಡ. ಕಿವಿ ಕೇಳಿಸ್ದೇ ಇರೋರು ಮಿಸನ್ ತಾವು ನಿಲ್ಬಾರ್ದು."

ಮಾದಪ್ಪಣ್ಣನಿಗೆ ಅಷ್ಟು ಕೇಳಿಸಿತು. ಕೇಳಿಸದಿದ್ದರೇ ಚೆನ್ನಾಗಿತ್ತು. ಮುಖ ಚಿಕ್ಕದಾಯಿತು. ಟವಲಿನಿಂದ ಬಾಯಿ ಒರೆಸಿಕೊಂಡ.

"ನಂಗೆ ಕಾಲಲ್ಲಿ ಕೇಳ್ತದೆ ಕಣ್ರಪ್ಪ," ಎಂದ. ದನಿ ಮಾತ್ರ ಯಾವಾಗಲಿನಂತೆ ದೊಡ್ಡದು. "ಡ್ರಮ್ಮು ಎಷ್ಟು ತಿಂತಾ ಅದೆ, ಯಾವ್ ಬೇರಿಂಗು ಎಣ್ಣೆ ಕೇಳ್ತಾ ಅದೆ, ಬೆಲ್ಟು ಜಾರ್ತದಾ, ಎಲ್ಲಾನೂ ನೆಲ ಯೋಳ್ತದೆ. ಅಂಗಾಲಿಗೆ ಬತ್ತದೆ. ಸಿವುಡು ಸಿಕ್ಕಾಕಂಡ್ರೆ ಕಣ್ ಮುಚ್ಕಂಡಿದ್ರೂ ಗೊತ್ತಾಯ್ತದೆ. ಇವತ್ತು ನೆಲ ಏನೂ ಯೋಳ್ನಿಲ್ಲ."

ಎಲ್ಲರೂ ಗಾಲಿಯ ಕೆಳಗಿನ ರಬ್ಬರನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು, ಆದರೆ ಅದು ಗುರುಪ್ರಕಾಶನ ಹೊಸ ಸಿಮೆಂಟು. "ಬೇಡ ಅಂದಾಗ ಕಾರಣ ಹೇಳಬಾರದಿತ್ತಾ?" ಎಂದು ಗೊಣಗಿದೆ. ಕಾರಣ ಹೇಳಿದ್ದರೆ ಕಿವಿಯ ಸಂಗತಿ ಹೇಳಬೇಕಿತ್ತು, ಅದನ್ನು ಹೇಳಿದ್ದರೆ ಯಾರು ಕಣಕ್ಕೆ ಕರೆಯುತ್ತಿದ್ದರು? ಇದು ಅರ್ಥವಾಗಲು ನನಗೂ ಹೆಚ್ಚು ಹೊತ್ತು ಬೇಕಾಗಲಿಲ್ಲ. ಎದ್ದು ಜಾಕಿ ಕೊಟ್ಟು, ಯಾರ ಸಹಾಯವೂ ಇಲ್ಲದೆ ನಾಲ್ಕು ರಬ್ಬರನ್ನೂ ಎಳೆದು ಹಾಕಿದೆ. ಗುರುಪ್ರಕಾಶ ಸಿಮೆಂಟಿನ ಮಾತೆತ್ತಲಿಲ್ಲ. ಆದರೆ ಮಿಷನ್ ಓಡಿಸಲಿ ಎಂದೂ ಹೇಳಲಿಲ್ಲ.

ಅರ್ಧಕ್ಕಿಂತ ಹೆಚ್ಚು ಭತ್ತ ಹಾಗೇ ಬಣವೆಯಲ್ಲಿತ್ತು. ಲಕ್ಷ್ಮಿದೇವಿಯವರು ಅರಿಶಿನ ತಂದು ಮಾದೇವಕ್ಕನ ತೋಳಿಗೆ ಹಚ್ಚುತ್ತಾ ಕೂತಿದ್ದರು. ಕೊನೆಗೆ ಅವರೇ ಕೇಳಿದರು. "ಅಕ್ಕ, ಬಾಯಿ ತಾವು ನಿಲ್ಲೋರು ನೀವು, ಕೈ ನಿಮ್ದು. ನಾವ್ ಯಾರು ಯೋಳಾಕೆ? ನೀವು ಬ್ಯಾಡ ಅಂದ್ರೆ ಬ್ಯಾಡ. ಭತ್ತ ಕಲ್ಲಿಗೆ ಬಡ್ಕತೀವಿ."

ಮಾದೇವಕ್ಕ ಗಂಡನ ಕಡೆ ನೋಡಿದಳು. ಅವನು ಮಿಷನ್ನಿನ ತೇಗದ ಹಲಗೆಗೆ ಒರಗಿ, ಹ್ಯಾಂಡಲನ್ನು ಎದೆಗೆ ಒತ್ತಿಕೊಂಡು ನಿಂತಿದ್ದ. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಕಣ್ಣಾಡಿಸುತ್ತಿದ್ದ, ತನ್ನ ಬಗ್ಗೆ ಏನು ತೀರ್ಮಾನವಾಗುತ್ತಿದೆ ಎಂದು.

"ನಾನಂತೂ ಇನ್ ಮೇಲಕ್ಕೆ ಅತ್ತಾಕಿಲ್ಲ," ಎಂದಳು ಮಾದೇವಕ್ಕ.

ಮುಗಿಯಿತು ಎಂದುಕೊಂಡೆ. ಅವಳು ಎದ್ದಳು. ಗಂಡನ ಮುಂದೆ ಹೋಗಿ ನಿಂತು ಮೊದಲು ಅವನ ಎದೆ ಮುಟ್ಟಿ, ಏಣಿ ತೋರಿಸಿದಳು. ಆಮೇಲೆ ತನ್ನ ಎದೆ ಮುಟ್ಟಿಕೊಂಡು, ಎಂಜಿನ್ ತೋರಿಸಿದಳು. ಮಿಷನ್ನಿನ ಸದ್ದಿನಲ್ಲಿ ನಲವತ್ತಾರು ವರ್ಷ ಕೈಸನ್ನೆಯಲ್ಲೇ ಮಾತಾಡಿದವರು ಅವರು. ಅವನಿಗೆ ಥಟ್ಟನೆ ಅರ್ಥವಾಯಿತು. ನಮಗಾಗಿ ಅವಳು ಬಾಯಿಬಿಟ್ಟು ಹೇಳಿದಳು: "ಕಿವಿ ಇರೋರು ಎಂಜಿನ್ ತಾವು ನಿಲ್ಬೇಕು, ಸರಿಯೇ. ನಂಗೆ ಕಿವಿ ಅವೆ. ನಾನ್ ನಿಲ್ತೀನಿ. ಆವಯ್ಯ ಮೇಲಕ್ಕೆ ಅತ್ಲಿ. ಕಾಲಲ್ಲಿ ಕೇಳದು ಅಲ್ಲೂ ಕೇಳ್ತದೆ, ಅಲಗೆ ಮೇಲೆ ಇನ್ನೂ ಜಾಸ್ತಿನೇ ಕೇಳ್ತದೆ."

"ಎಂಜಿನ್ ನಿಲ್ಲಿಸೋಕೆ ಬರುತ್ತಾ ಅಕ್ಕ ನಿಮಗೆ?" ನಾನು ಕೇಳಿದೆ.

"ನಿಮ್ಗೆ ಬತ್ತದಾ?" ಎಂದಳು.

ಮಾದಪ್ಪಣ್ಣ ಮಾತ್ರ ಹ್ಯಾಂಡಲ್ ಬಿಡಲಿಲ್ಲ. ತಂದೆಯ ಕೈಯಿಂದ ತನ್ನ ಕೈಗೆ ಬಂದದ್ದು, ಹೆಂಗಸರು ಎಂಜಿನ್ ಮುಟ್ಟಿದ್ದೇ ಇಲ್ಲ, ಹ್ಯಾಂಡಲ್ ಉಲ್ಟಾ ಹೊಡೆದರೆ ಮಣಿಕಟ್ಟು ಮುರಿಯುತ್ತದೆ, ಹೀಗೆ ಏನೇನೋ ಹೇಳಿದ. ಅವಳು ತರಚಿದ ತೋಳನ್ನು ಅವನ ಕಣ್ಣ ಮುಂದೆ ಹಿಡಿದಳು, ಅಷ್ಟೆ. ಅವನು ಟವಲು ಬಿಚ್ಚಿ ಹ್ಯಾಂಡಲ್ ಅವಳ ಕೈಗೆ ಇಟ್ಟ.

ನೋಡಿ ನೋಡಿಯೇ ಅವಳು ಎಲ್ಲ ಕಲಿತಿದ್ದಳು. ಗಾಯದ ಬಲಗೈಯಲ್ಲಿ ಲಿವರ್ ಎತ್ತಿ, ಎಡಗೈಯಲ್ಲಿ ಹ್ಯಾಂಡಲ್ ಹಿಡಿದು, ಸೊಂಟ ಬಗ್ಗಿಸಿ, ನಾಲ್ಕು ಸುತ್ತು ಸುತ್ತಿ ಲಿವರ್ ಬಿಟ್ಟಳು. ಮೊದಲ ಸಲ ಹೊಗೆ ಮಾತ್ರ. ಎರಡನೇ ಸಲಕ್ಕೆ ಎಂಜಿನ್ನು ಗುಡುಗಿತು. ಸಿವುಡು ಕೊಡುತ್ತಿದ್ದ ಆಳು ಕುಣಿದುಬಿಟ್ಟ. ಲಕ್ಷ್ಮಿದೇವಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಮಾದಪ್ಪಣ್ಣ ಏಣಿ ಹತ್ತಿದ. ಬಾಯಿಯ ಮುಂದೆ ನಿಂತ. ಆ ಮಿಷನ್ನಿನ ಒಂದೊಂದು ಮೊಳೆಯೂ ಗೊತ್ತಿದ್ದ ಮನುಷ್ಯ, ಅದರ ಬಾಯಿಯ ಮುಂದೆ ಒಂದು ದಿನವೂ ನಿಂತಿರಲಿಲ್ಲ. ಮೊದಲ ಸಿವುಡನ್ನು ಅಷ್ಟು ದೂರದಿಂದ ಎಸೆದ, ಅದು ಬಾಯಿ ತಪ್ಪಿ ನನ್ನ ತಲೆಯ ಮೇಲೆ ಬಿತ್ತು. ಎರಡನೆಯದನ್ನು ಹತ್ತಿರ ತಂದು ಕೈ ಹಿಂದಕ್ಕೆ ಎಳೆದುಕೊಂಡ. ಡ್ರಮ್ಮು ಖಾಲಿ ತಿರುಗುತ್ತಾ ಅವನ ಮುಂದೆ ಬುಸುಗುಡುತ್ತಿತ್ತು. ಪ್ರತಿ ಸಿವುಡಿಗೂ ಕತ್ತು ತಿರುಗಿಸಿ ಹೆಂಡತಿಯನ್ನು ನೋಡುತ್ತಿದ್ದ, ಅಲ್ಲೇ ಇದ್ದಾಳಾ, ಕೈ ಲಿವರ್ ಮೇಲೆ ಇದೆಯಾ ಎಂದು. ಇದ್ದಳು. ಅವಳು ಒಂದು ಸಲವೂ ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ನೀರು ಕೊಡಲು ಹೋದ ಲಕ್ಷ್ಮಿದೇವಿಯವರನ್ನು ಕೂಡ ಪಕ್ಕಕ್ಕೆ ಸರಿಸಿ ಅವನನ್ನೇ ನೋಡುತ್ತಿದ್ದಳು. ಎದುರಿಗೆ ನೋಡು ಎಂದು ಆಗಾಗ ಕೈಯಲ್ಲೇ ಗದರುತ್ತಿದ್ದಳು.

ಊಟಕ್ಕೆ ಒಂದು ಗಂಟೆ ನಿಲ್ಲಿಸಿದ್ದು ಬಿಟ್ಟರೆ ಸಂಜೆ ಐದರವರೆಗೆ ನಡೆಯಿತು. ಕೊನೆಕೊನೆಗೆ ಅವನ ಕೈಯೂ ಹದಕ್ಕೆ ಬಂತು. ಆದರೂ ಅವಳಷ್ಟು ಒಂದೇ ಸಮ ಬರಲಿಲ್ಲ, ಕಾಳು ಒಂದು ಸಲ ಧೋ ಎನ್ನುವುದು, ಒಂದು ಸಲ ತೊಟ್ಟಿಕ್ಕುವುದು. ರತ್ನಚೂಡಿ ರಾಶಿಯಾಗಿ ಬಿತ್ತು. ಲಕ್ಷ್ಮಿದೇವಿಯವರು ಒಂದು ಹಿಡಿ ತೆಗೆದು ಅಂಗೈ ಮೇಲೆ ಹರಡಿ ನೋಡಿದರು. ಒಂದು ಬೆರಕೆ ಕಾಳಿರಲಿಲ್ಲ. ಗುರುಪ್ರಕಾಶ ಬಂದು, ಮುಂದಿನ ವರ್ಷವೂ ನೀವೇ ಬರಬೇಕು ಎಂದು ಮಾದೇವಕ್ಕನ ಹತ್ತಿರ ಹೇಳಿದ. ಮಾದೇವಕ್ಕ ಎಂಜಿನ್ ನಿಲ್ಲಿಸಿದಳು.

ಮಾದಪ್ಪಣ್ಣ ಇಳಿದು ಬಂದ. ಅಂಗಿ ಪೂರ್ತಿ ಒದ್ದೆ. ಡಿಸೆಂಬರ್ ಸಂಜೆಯ ತಂಪಿನಲ್ಲಿ ಬರುವ ಬೆವರಲ್ಲ ಅದು. ನಾವು ಯಾರೂ ಅಲ್ಲಿ ಇಲ್ಲವೆಂಬಂತೆ ನೇರವಾಗಿ ಹೆಂಡತಿಯ ಎದುರು ಹೋಗಿ ನಿಂತ.

"ಅಮ್ಮಿ, ನಲವತ್ತಾರು ವರ್ಸ ಇಂಗೇ ಆಯ್ತಿತ್ತಾ ನಿಂಗೆ? ಒಂದೊಂದು ಸಿವುಡಿಗೂ ಜೀವ ಬಾಯಿಗೆ ಬತ್ತಿತ್ತಾ?"

ಅವನ ದೊಡ್ಡ ದನಿಗೆ ಪಕ್ಕದ ಕಬ್ಬಿನ ಗದ್ದೆಯಲ್ಲಿದ್ದವರೂ ತಿರುಗಿ ನೋಡಿದರು. ಮಾದೇವಕ್ಕ ತಲೆ ತಗ್ಗಿಸಿ ಅಂಗಿಯ ಹರಿದ ತೋಳನ್ನು ಮಡಿಸುತ್ತಾ ಮೆಲ್ಲಗೆ ಏನೋ ಹೇಳಿದಳು. ಹತ್ತಿರ ನಿಂತಿದ್ದ ನನಗೆ ಮಾತ್ರ ಕೇಳಿಸಿತು.

"ಏನಂದ್ಲು ರಂಗಣ್ಣ?"

ಸುಳ್ಳು ಹೇಳಿಬಿಡೋಣವೇ ಎಂದು ಒಂದು ಗಳಿಗೆ ಯೋಚಿಸಿದೆ. ಆಗಲಿಲ್ಲ. ಅವನ ಬಲಗಿವಿಗೆ ಬಾಯಿ ಇಟ್ಟು ಕೂಗಿದೆ. "ಇಲ್ಲವಂತೆ! ಮೊದಲೆಲ್ಲ ಹೆದರಿಕೆ ಇರಲೇ ಇಲ್ಲವಂತೆ! ಈ ಆರು ವರ್ಷ ಮಾತ್ರವಂತೆ!"

ಮಾದಪ್ಪಣ್ಣ ಅವಳ ತರಚಿದ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಯೋಳ್ಬಾರ್ದಾಗಿತ್ತಾ ನಂಗೆ?" ಎಂದ. ಈ ಸಲ ಅವನ ದನಿಯೇ ಏಳಲಿಲ್ಲ.

ಅವಳು ತಲೆ ಎತ್ತಿದಳು. "ಯೋಳಿದ್ರೆ ನೀವು ಮಿಸನ್ ಮುಟ್ತಿರ್ನಿಲ್ಲ."

ಅದನ್ನು ಕೂಗಿ ಹೇಳಲು ನನ್ನಿಂದ ಆಗಲಿಲ್ಲ, ಹೇಳಬೇಕಾಗಿಯೂ ಬರಲಿಲ್ಲ. ಅವನು ಅವಳ ತುಟಿಯನ್ನೇ ನೋಡುತ್ತಿದ್ದ, ಕಣ್ಣಲ್ಲಿ ನೀರು ತುಂಬಿತ್ತು.